ಎಫ್‌ಸಿ ದಿನದ ಬಸ್ಸು, ಉಳಿದ ದಿನಗಳ ಬಸ್ಸು

ಶಾಲಾ ವಾಹನದ ಅಪಘಾತವಾದಾಗಲೆಲ್ಲ, ಅದಕ್ಕೆ ಆರ್‌ಟಿಒದವರು ಎಫ್‌ಸಿ, ಅಂದರೆ ವಾಹನ ಓಡಿಸಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ, ಕೊಟ್ಟಿದ್ದಾದರೂ ಹೇಗೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಮೋಟಾರು ವಾಹನ ನಿರೀಕ್ಷಕನಾಗಿ ಅಂಥ ಪ್ರಮಾಣಪತ್ರಗಳಿಗೆ ಸಹಿ ಹಾಕಿದವನು ನಾನು. 8 ವರ್ಷ ದಾಟಿದ ಬಸ್ಸು ತಪಾಸಣೆಗೆ ಬರುವುದು ವರ್ಷಕ್ಕೊಮ್ಮೆ. ಆ ದಿನ ಅದು ತೊಳೆದು, ಬಣ್ಣ ಬಳಿದು, ಬೇರೆ ಬಸ್ಸಿನ ಅಗ್ನಿಶಾಮಕ ಸಿಲಿಂಡರನ್ನು ತಂದು ಸಿಕ್ಕಿಸಿಕೊಂಡೇ ಬಂದಿರಬಹುದು. ಅಂಥ ಬಸ್ಸನ್ನೇ ಕೆಲವು ತಿಂಗಳ ಬಳಿಕ ರಸ್ತೆಯಲ್ಲಿ ತಡೆದು ಒಳಹೊಕ್ಕರೆ, ಗಡಗಡ ಸದ್ದು ಮಾಡುತ್ತದೆಂದು ತುರ್ತು ಬಾಗಿಲನ್ನು ಬೈಂಡಿಂಗ್ ವೈರಿನಿಂದ ಬಿಗಿದು, ಅದಕ್ಕೆ ಅಡ್ಡಲಾಗಿ ಎಲ್‌ಕೆಜಿ ಮಕ್ಕಳಿಗೊಂದು ಬೆಂಚು ಹಾಕಿರುವುದೂ, ವೇಗ ನಿಯಂತ್ರಕದ ಸೀಲು ಒಡೆದಿರುವುದೂ ಕಣ್ಣಿಗೆ ಬೀಳುತ್ತದೆ.

1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್‌ನಲ್ಲಿ ಶಾಲಾ ಬಸ್ಸೊಂದು ಯಮುನೆಗೆ ಉರುಳಿ ಅನೇಕ ಮಕ್ಕಳು ಸತ್ತ ಮರುತಿಂಗಳೇ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ಷರತ್ತುಗಳನ್ನು ವಿಧಿಸಿತು. ಗಂಟೆಗೆ 40 ಕಿ.ಮೀ. ಮಿತಿಯ ವೇಗ ನಿಯಂತ್ರಕ, ಭಾರೀ ವಾಹನ ಓಡಿಸಿ ಕನಿಷ್ಠ 5 ವರ್ಷ ಅನುಭವವಿರುವ ಚಾಲಕ, ಬಸ್ಸಿನಲ್ಲೊಬ್ಬ ಅರ್ಹ ಸಹಾಯಕ, ಅತಿವೇಗಕ್ಕೋ ಕುಡಿದು ಓಡಿಸಿದ್ದಕ್ಕೋ ಒಮ್ಮೆ ದಂಡ ಬಿದ್ದವನಿಗೂ ಶಾಲಾ ಬಸ್ಸಿನ ಕೆಲಸವಿಲ್ಲ ಎಂಬ ನಿಯಮ, ಇವೆಲ್ಲ ಅಂದಿನವು. ಇವುಗಳಲ್ಲಿ ಯಂತ್ರಕ್ಕೆ ಸೇರಿದ್ದನ್ನು ನಮ್ಮ ಇಲಾಖೆ ಅಳೆಯಬಲ್ಲದು. ಬೆಳಿಗ್ಗೆ ಏಳು ಗಂಟೆಗೆ ಸ್ಟಿಯರಿಂಗ್ ಹಿಡಿದವನು ಯಾವ ಸ್ಥಿತಿಯಲ್ಲಿದ್ದಾನೆ ಎಂಬುದನ್ನು ಮಾತ್ರ ಶಾಲೆಯ ಆಡಳಿತ ಮಂಡಳಿಯೇ ನೋಡಬೇಕು.

2024ರ ಏಪ್ರಿಲ್ 11ರಂದು ಹರಿಯಾಣದ ಮಹೇಂದ್ರಗಢ ಜಿಲ್ಲೆಯ ಕನೀನಾ ಬಳಿ ಬಸ್ಸು ಮಗುಚಿ 6 ಮಕ್ಕಳು ಪ್ರಾಣ ಕಳೆದುಕೊಂಡರು. ಚಾಲಕ ಕುಡಿದಿದ್ದನೆಂಬ ಆರೋಪ ಬಂತು. ಎಫ್‌ಸಿ ಅವಧಿ 2018ರಲ್ಲೇ ಮುಗಿದಿತ್ತು. ಚಾಲಕನ ಉಸಿರಿನಿಂದಲೇ ಕುಡಿದಿದ್ದಾನೆಯೇ ಎಂದು ತಿಳಿಸುವ ಆಲ್ಕೋಮೀಟರ್ ಒಂದನ್ನು ಗೇಟಿನಲ್ಲಿ ಇಟ್ಟುಕೊಳ್ಳುವುದು ಶಾಲೆಯೊಂದಕ್ಕೆ ಭಾರವಾಗುವ ಖರ್ಚೇನಲ್ಲ.

ಇನ್ನು ಹಳದಿ ಬಸ್ಸೇ ಇಲ್ಲದ ಊರುಗಳ ಕಥೆ. 2016ರ ಜೂನ್‌ನಲ್ಲಿ ಕುಂದಾಪುರ ಬಳಿಯ ತ್ರಾಸಿಯಲ್ಲಿ ಬಸ್ಸಿಗೆ ಡಿಕ್ಕಿಯಾಗಿ 8 ಮಕ್ಕಳು ಬಲಿಯಾದದ್ದು ಮಾರುತಿ ಒಮ್ನಿ ಎಂಬ ಸಣ್ಣ ವ್ಯಾನಿನಲ್ಲಿ. ಆ ವಾಹನಕ್ಕೆ ಮುಂದೆ ಬಾನೆಟ್ಟೇ ಇಲ್ಲ. ಎಂಜಿನ್ ಸೀಟಿನ ಕೆಳಗಿರುತ್ತದೆ, ಎದುರಿನ ಹೊಡೆತ ನೇರವಾಗಿ ಕೂತವರ ಮೊಣಕಾಲಿಗೇ ಬರುತ್ತದೆ.

ಪೋಷಕರು ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಎಫ್‌ಸಿ, ವಿಮೆಯ ಅವಧಿಯನ್ನು ನೋಡಿಕೊಳ್ಳಬಹುದು. ಚಾಲಕನ ಲೈಸೆನ್ಸ್, ಹಿಂದಿನ ದಂಡಗಳ ವಿವರ, ಮಗು ಇಳಿದ ಮೇಲೆ ಬಸ್ಸಿನ ಮುಂದಿನಿಂದ ಕೈಹಿಡಿದು ರಸ್ತೆ ದಾಟಿಸುವ ಆಯಾ ಇದ್ದಾಳೆಯೇ ಎಂಬುದನ್ನು ಪೋಷಕರ ಸಭೆಯಲ್ಲೇ ಕೇಳಬೇಕು. ಎತ್ತರದ ಸೀಟಿನಲ್ಲಿ ಕೂತ ಚಾಲಕನಿಗೆ ಬಂಪರಿಗೆ ತಾಗಿ ನಿಂತ ಮೂರಡಿಯ ಮಗು ಕಾಣುವುದಿಲ್ಲ.