40 ಎಚ್‌ಪಿ ಇಂಜಿನ್, 140 ಎಚ್‌ಪಿ ಬ್ರೇಕ್

ಮುಂಬೈಯಲ್ಲಿ ಹಳೆ ಫಿಯೆಟ್ ಇಟ್ಟುಕೊಂಡ ಕನ್ನಡಿಗರು ಇನ್ನೂ ಇದ್ದಾರೆ. ಮಾಟುಂಗಾ, ಮುಲುಂಡ್, ಡೊಂಬಿವಲಿಯ ಸೊಸೈಟಿಗಳಲ್ಲಿ ಕವರ್ ಹೊದ್ದು ನಿಂತ ಪ್ರೀಮಿಯರ್ ಪದ್ಮಿನಿಗಳನ್ನು ನೀವೂ ನೋಡಿರಬಹುದು. ಅಪ್ಪನ ಕಾಲದ ಕಾರು, ಮಾರಲು ಮನಸ್ಸಿಲ್ಲ, ಓಡಿಸಲು ಇಂಜಿನ್‌ನಲ್ಲಿ ಜೀವವಿಲ್ಲ. ಅಂಥವರು ಸೇರಿದಲ್ಲೆಲ್ಲ ಒಂದೇ ಪ್ರಶ್ನೆ: ಇದಕ್ಕೆ ಯಾವ ಹೊಸ ಇಂಜಿನ್ ಕೂರುತ್ತದೆ?

ಆ ಪ್ರಶ್ನೆಗೆ ಮುಂಚೆ ಬ್ರೇಕಿನ ಲೆಕ್ಕ ಆಗಬೇಕು ಅಂತ ನಾನು ವಾದಿಸುತ್ತೇನೆ. ಹೆದರಿಸಲು ಹೇಳುವ ಮಾತಲ್ಲ ಇದು. ಕಾರಿನಲ್ಲಿ ನಿಜವಾಗಿ ಬಲಶಾಲಿಯಾದ ಯಂತ್ರ ಯಾವುದು ಅಂತ ಲೆಕ್ಕ ಹಾಕಿದರೆ ಉತ್ತರ ನಮ್ಮನ್ನು ಬೆರಗುಗೊಳಿಸುತ್ತದೆ.

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಈ ಕಾರು 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಲ್ಲಿ ಹೊರಬಂತು. ಪದ್ಮಿನಿ ಎಂಬ ಹೆಸರು ಬಂದಿದ್ದು 1974ರಲ್ಲಿ. 1089 ಸಿಸಿಯ ಪೆಟ್ರೋಲ್ ಇಂಜಿನ್, ಸುಮಾರು 40 ಎಚ್‌ಪಿ ಶಕ್ತಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಶೂಗಳು ಒತ್ತಿ ನಿಲ್ಲಿಸುವ ಬ್ರೇಕ್. ಇಬ್ಬರು ಮೂವರು ಕೂತರೆ ಒಟ್ಟು ತೂಕ 1100 ಕೆಜಿ ಅಂದುಕೊಳ್ಳೋಣ. ಈ ಕಾರು ಗಂಟೆಗೆ 60 ಕಿಮೀ ವೇಗದಲ್ಲಿದ್ದಾಗ ಅದರೊಳಗಿನ ಚಲನಶಕ್ತಿ ಸುಮಾರು 153 ಕಿಲೋಜೂಲ್. ವೇಗ 100 ಕಿಮೀಗೆ ಏರಿದರೆ ಅದು 424 ಕಿಲೋಜೂಲ್. ವೇಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಯಿತು, ಶಕ್ತಿ ಮಾತ್ರ ಸುಮಾರು 2.8 ಪಟ್ಟು ಆಯಿತು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಹೀಗಾಗುತ್ತದೆ.

ಈಗ ಯಾರೋ ಅಡ್ಡ ಬಂದರು, ಬ್ರೇಕ್ ಒತ್ತಿದಿರಿ. ಒಣ ರಸ್ತೆಯಲ್ಲಿ ಒಳ್ಳೆ ಟೈರ್ ಇದ್ದರೆ 100 ಕಿಮೀಯಿಂದ ನಿಲ್ಲಲು ಸುಮಾರು 4 ಸೆಕೆಂಡ್ ಬೇಕು. ಆ 4 ಸೆಕೆಂಡಿನಲ್ಲಿ 424 ಕಿಲೋಜೂಲ್ ಶಕ್ತಿಯೂ ಶಾಖವಾಗಬೇಕು. ಸೆಕೆಂಡಿಗೆ ಎಷ್ಟು ಅಂತ ಭಾಗಿಸಿ ನೋಡಿದರೆ 106 ಕಿಲೋವ್ಯಾಟ್ ಬರುತ್ತದೆ, ಅಂದರೆ ಸುಮಾರು 140 ಎಚ್‌ಪಿ. ನಲವತ್ತು ಎಚ್‌ಪಿ ಇಂಜಿನ್ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಒದ್ದಾಡಿ ತುಂಬಿದ ಶಕ್ತಿಯನ್ನು ಬ್ರೇಕ್ ನಾಲ್ಕೇ ಸೆಕೆಂಡಿನಲ್ಲಿ ಹೊರಹಾಕುತ್ತದೆ. ಕಂಪನಿಯಿಂದ ಬಂದ ಹಾಗೇ ಇರುವ ಫಿಯೆಟ್‌ನಲ್ಲೂ ಬ್ರೇಕೇ ಇಂಜಿನ್‌ಗಿಂತ ಮೂರು ಪಟ್ಟು ದೊಡ್ಡ ಯಂತ್ರ! ಹಾಗಿದ್ದೂ ಬಾನೆಟ್ ಎತ್ತಿ ಇಂಜಿನ್ ತೋರಿಸುವವರು ಸಿಗುತ್ತಾರೆ, ಚಕ್ರ ಬಿಚ್ಚಿ ಡ್ರಮ್ ತೋರಿಸುವವರು ಸಿಗುವುದಿಲ್ಲ.

ಒಂದು ಸಲ ನಿಲ್ಲಿಸುವುದು ಡ್ರಮ್‌ಗೂ ಕಷ್ಟವಲ್ಲ. ಚಕ್ರ ಲಾಕ್ ಆಗುವಷ್ಟು ಹಿಡಿತ ಹಳೆ ಡ್ರಮ್‌ಗೂ ಇದೆ. ಅದಕ್ಕಿಂತ ಹೆಚ್ಚಿನ ಹಿಡಿತ ಯಾವ ಬ್ರೇಕಿನಿಂದಲೂ ಸಿಗುವುದಿಲ್ಲ, ಏಕೆಂದರೆ ಕೊನೆಗೆ ಕಾರನ್ನು ನಿಲ್ಲಿಸುವುದು ಟೈರ್ ಮತ್ತು ರಸ್ತೆ. ತೊಂದರೆ ಶುರುವಾಗುವುದು ಮತ್ತೆ ಮತ್ತೆ ಬ್ರೇಕ್ ಹಿಡಿಯಬೇಕಾದಾಗ. ಪುಣೆಯಿಂದ ಹಳೆ ಹೆದ್ದಾರಿಯಲ್ಲಿ ಬಂದು ಖಂಡಾಲಾ ಘಾಟ್ ಇಳಿಯುವುದನ್ನು ಯೋಚಿಸಿ. ಖಂಡಾಲಾದಿಂದ ಖೋಪೋಲಿಗೆ ಸುಮಾರು 500 ಮೀಟರ್ ಇಳಿಯಬೇಕು. 1100 ಕೆಜಿ ಕಾರು ಅಷ್ಟು ಇಳಿದಾಗ 5400 ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಒಂದು ಬಕೆಟ್, ಸುಮಾರು 16 ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಶಾಖ ಸಾಕು. ಗೇರ್ ನ್ಯೂಟ್ರಲ್‌ಗೆ ಹಾಕಿ ಇಳಿದರೆ ಅದರ ಬಹುಪಾಲು ನಾಲ್ಕು ಡ್ರಮ್‌ಗಳ ಪಾಲಿಗೇ ಬರುತ್ತದೆ.

ಡ್ರಮ್‌ನ ಕಷ್ಟ ಅಲ್ಲೇ ಇದೆ. ಶಾಖ ಹುಟ್ಟುವುದು ಡ್ರಮ್‌ನ ಒಳಗೆ, ಗಾಳಿ ತಾಗುವುದು ಹೊರಗೆ. ಬಿಸಿಯಾದ ಡ್ರಮ್ ಹಿಗ್ಗುತ್ತದೆ, ಹಿಗ್ಗಿದಾಗ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಶೂ ಮೇಲಿನ ಲೈನಿಂಗ್ ಬಿಸಿಯಾದಂತೆ ಅದರ ಘರ್ಷಣೆಯೂ ಕಡಿಮೆಯಾಗುತ್ತದೆ. ಇದನ್ನೇ ಬ್ರೇಕ್ ಫೇಡ್ ಅನ್ನುತ್ತಾರೆ. ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡ್‌ಗಳು ಹಿಡಿಯುವ ಡಿಸ್ಕ್ ಬ್ರೇಕಿನಲ್ಲಿ ಹಾಗಾಗುವುದು ತುಂಬಾ ಕಡಿಮೆ. ತಟ್ಟೆ ಗಾಳಿಗೆ ತೆರೆದುಕೊಂಡಿರುತ್ತದೆ. ಬಿಸಿಯಾಗಿ ದಪ್ಪವಾದರೂ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ, ದೂರ ಹೋಗುವುದಿಲ್ಲ.

ಇನ್ನು ನಮ್ಮ ಮಳೆಗಾಲ. ಜುಲೈನಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ನೀರು ತುಂಬಿದಾಗ ಕಾರು ದಾಟಿಸಿದವರಿಗೆ ಗೊತ್ತು, ಆಚೆ ಬಂದ ಮೇಲೆ ಮೊದಲ ಒಂದೆರಡು ಸಲ ಡ್ರಮ್ ಬ್ರೇಕ್ ಹಿಡಿಯುವುದೇ ಇಲ್ಲ. ಒಳಗೆ ಸಿಕ್ಕಿಕೊಂಡ ನೀರು ಆರಬೇಕು. ಡಿಸ್ಕ್ ತಿರುಗುವಾಗಲೇ ನೀರನ್ನು ಎರಚಿಬಿಡುತ್ತದೆ, ಉಳಿದದ್ದನ್ನು ಪ್ಯಾಡ್ ಒರೆಸುತ್ತದೆ. ಮುಂಬೈಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಲು ಇದೊಂದೇ ಕಾರಣ ಸಾಕು ಅನ್ನಿಸುತ್ತದೆ ನನಗೆ.

ಆದರೆ ಗುಜರಿಯಿಂದ ಡಿಸ್ಕ್ ತಂದು ಕೂರಿಸಿದರೆ ಕೆಲಸ ಮುಗಿಯುವುದಿಲ್ಲ. ಡ್ರಮ್‌ನಲ್ಲಿ ಒಂದು ಚಮತ್ಕಾರ ಇದೆ: ತಿರುಗುವ ಡ್ರಮ್ ತನ್ನೊಳಗಿನ ಮುಂಬದಿಯ ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿಸಿಕೊಳ್ಳುತ್ತದೆ. ಆ ಸಹಾಯ ಇದ್ದುದರಿಂದಲೇ ಪೆಡಲ್ ಒತ್ತುವ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದೆಯೂ ಬರೀ ಕಾಲಿನ ಬಲಕ್ಕೆ ಫಿಯೆಟ್ ನಿಲ್ಲುತ್ತಿತ್ತು. ಡಿಸ್ಕ್‌ಗೆ ಈ ಗುಣ ಇಲ್ಲ. ಕಾಲು ಎಷ್ಟು ಒತ್ತಿತೋ ಅಷ್ಟಕ್ಕೆ ತಕ್ಕ ಹಿಡಿತ ಮಾತ್ರ. ಹಾಗಾಗಿ ಡಿಸ್ಕ್ ಬಂದರೆ ಜೊತೆಗೆ ವ್ಯಾಕ್ಯೂಮ್ ಬೂಸ್ಟರ್ ಬೇಕಾಗುತ್ತದೆ. 20 ಸೆಂಮೀ ಅಗಲದ ಡಯಾಫ್ರಮ್‌ನ ಒಂದು ಬದಿಯ ಗಾಳಿ ಎಳೆದುಕೊಂಡರೆ ಇನ್ನೊಂದು ಬದಿಯಿಂದ ಹೊರಗಿನ ಗಾಳಿ ಇನ್ನೂರು ಕೆಜಿಗೂ ಹೆಚ್ಚು ಬಲದಿಂದ ತಳ್ಳುತ್ತದೆ. ನಮ್ಮ ಸುತ್ತಲಿನ ಬರೀ ಗಾಳಿಯ ಕೆಲಸ ಅದು, ಎಷ್ಟು ಚೆಂದದ ಯೋಚನೆ ಅಲ್ವಾ!

ಆ ವ್ಯಾಕ್ಯೂಮ್ ಎಲ್ಲಿಂದ ಬರುತ್ತದೆ? ಇಂಜಿನ್‌ನಿಂದ. ಪೆಟ್ರೋಲ್ ಅಥವಾ ಸಿಎನ್‌ಜಿ ಇಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಒಳಬಿಡುವ ಥ್ರಾಟಲ್ ಎಂಬ ಬಾಗಿಲು ಮುಚ್ಚಿಕೊಳ್ಳುತ್ತದೆ, ಪಿಸ್ಟನ್‌ಗಳು ಗಾಳಿ ಎಳೆಯಲು ನೋಡುತ್ತವೆ, ಗಾಳಿ ಒಳಬರುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಉಂಟಾಗುತ್ತದೆ. ಹಳೆಯ ಡೀಸೆಲ್‌ಗಳಿಗೆ ಥ್ರಾಟಲ್ ಇಲ್ಲ, ವ್ಯಾಕ್ಯೂಮೂ ಇಲ್ಲ. ಅದಕ್ಕೇ ಪ್ರತ್ಯೇಕ ಪಂಪ್ ಬೇಕು, ಅದು ಸಾಮಾನ್ಯವಾಗಿ ಆಲ್ಟರ್ನೇಟರ್ ಹಿಂದೆ ಕೂತಿರುತ್ತದೆ. ಕಾರಿಗೆ ಡೀಸೆಲ್ ಇಂಜಿನ್ ಹಾಕಿಸಿ ಈ ಪಂಪ್ ಮರೆತರೆ ಬೂಸ್ಟರ್ ಇದ್ದೂ ಇಲ್ಲದ ಹಾಗೆ. ಇಂಜಿನ್ ಬೇರೆ, ಬ್ರೇಕ್ ಬೇರೆ ಅಂತ ಎರಡು ಗ್ಯಾರೇಜಿಗೆ ಎರಡು ಕೆಲಸ ಹಂಚುವುದು ನನಗೆ ಸರಿ ಕಾಣದಿರುವುದು ಇದಕ್ಕೇ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಬದಲಾಗಬೇಕು. ಡಿಸ್ಕ್‌ನ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ದೊಡ್ಡದು, ಅದಕ್ಕೆ ಹೆಚ್ಚು ಬ್ರೇಕ್ ಆಯಿಲ್ ತಳ್ಳಬೇಕು. ದೊಡ್ಡ ಸಿಲಿಂಡರ್ ಹಾಕಿದರೆ ಆಯಿಲ್ ಹೆಚ್ಚು ಹೋಗುತ್ತದೆ, ಆದರೆ ಅದೇ ಒತ್ತಡ ಬರಲು ಕಾಲು ಹೆಚ್ಚು ಒತ್ತಬೇಕು. ಉದಾಹರಣೆಗೆ 19 ಮಿಮೀ ಬದಲು 22 ಮಿಮೀ ಹಾಕಿದರೆ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಬಲ ಬೇಕು. ಇನ್ನೊಂದು ಸೂಕ್ಷ್ಮ ಇದೆ. ಡ್ರಮ್‌ಗಾಗಿ ಮಾಡಿದ ಹಳೆ ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವುದು ಅದರ ಕೆಲಸ. ಶೂಗಳನ್ನು ಎಳೆದು ಹಿಂದಕ್ಕೆ ತರಲು ಸ್ಪ್ರಿಂಗ್ ಇರುವುದರಿಂದ ಡ್ರಮ್‌ಗೆ ಅದರಿಂದ ತೊಂದರೆ ಇಲ್ಲ. ಡಿಸ್ಕ್ ಪ್ಯಾಡ್‌ಗೆ ಅಂಥ ಸ್ಪ್ರಿಂಗ್ ಇಲ್ಲ. ಅದೇ ವಾಲ್ವ್ ಉಳಿದರೆ ಪ್ಯಾಡ್ ಸದಾ ತಟ್ಟೆಗೆ ಉಜ್ಜುತ್ತಲೇ ಇರುತ್ತದೆ. ಕಾರು ಎಳೆಯುವುದಿಲ್ಲ, ಚಕ್ರ ಬಿಸಿ, ಇಂಜಿನ್ ಸರಿ ಇಲ್ಲ ಅಂತ ಸುಮ್ನೆ ಅದನ್ನು ಬಿಚ್ಚಿ ಜೋಡಿಸುತ್ತಾ ಕೂರುತ್ತಾರೆ. ಹೊಸ ಸಿಲಿಂಡರ್ ಕೊಳ್ಳುವಾಗ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸರ್ಕ್ಯೂಟ್ ಇರುವ ಜೋಡಿ ಸಿಲಿಂಡರನ್ನೇ ಕೇಳಿ. ಒಂದೇ ಸರ್ಕ್ಯೂಟ್ ಇದ್ದರೆ ಎಲ್ಲೋ ಒಂದು ಪೈಪ್ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಶೇಕಡಾ 4ರ ಹತ್ತಿರ ನೀರು ಸೇರಿದರೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ಗುಳ್ಳೆ, ಪೆಡಲ್ ಸೀದಾ ನೆಲಕ್ಕೆ. ಮುಂಬೈ, ಗೋವಾದ ತೇವದಲ್ಲಿ ವರ್ಷಗಟ್ಟಲೆ ಒಂದೇ ಆಯಿಲ್ ಇಟ್ಟುಕೊಂಡು ಘಾಟ್ ಇಳಿಯಬಾರದು.

ಈಗ ಇಂಜಿನ್. ಬದಲಾವಣೆಯ ಇತಿಹಾಸ ಕುರ್ಲಾದಲ್ಲೇ ಇದೆ. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ ಅಂದರೆ ಇಟಲಿಯ ಫಿಯೆಟ್ 124ರ ಬಾಡಿಗೆ ಜಪಾನಿನ ನಿಸಾನ್‌ನ 1171 ಸಿಸಿ ಎ12 ಇಂಜಿನ್ ಕೂರಿಸಿದ್ದು. ಮನೆಯಲ್ಲಿ ಮಾಡುವವರಿಗೆ ಮೊದಲ ಅಡ್ಡಿ ದಿಕ್ಕು. ಪದ್ಮಿನಿಯಲ್ಲಿ ಇಂಜಿನ್ ಉದ್ದಕ್ಕೆ ಕೂತು, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ. ಈಗಿನ ಸಣ್ಣ ಕಾರುಗಳಲ್ಲಿ ಅದು ಅಡ್ಡಕ್ಕೆ ಕೂತು, ಗೇರ್ ಬಾಕ್ಸ್ ಜೊತೆಗೇ ಮುಂದಿನ ಚಕ್ರ ಎಳೆಯುತ್ತದೆ. ಹಾಗಾಗಿ ಕಣ್ಣು ಹೋಗುವುದು ಮಾರುತಿ ಜಿಪ್ಸಿಯ 1298 ಸಿಸಿ ಇಂಜಿನ್ ಕಡೆಗೆ. ಅದು ಉದ್ದಕ್ಕೆ ಕೂರುವಂಥದ್ದು. ನಂತರದ ಜಿಪ್ಸಿ ಕಿಂಗ್‌ನಲ್ಲಿ ಸುಮಾರು 80 ಎಚ್‌ಪಿ ಕೊಡುತ್ತದೆ. ಕೂರಿಸಲು ಹೊಸ ಫೌಂಡೇಶನ್, ಸರಿ ಅಳತೆಯ ಶಾಫ್ಟ್, ಪೆಟ್ರೋಲ್ ಇಂಜೆಕ್ಷನ್‌ಗೆ ಪಂಪ್ ಮತ್ತು ವೈರಿಂಗ್, ಎಲೆಕ್ಟ್ರಿಕ್ ಫ್ಯಾನ್, ಇವನ್ನೆಲ್ಲ ತಡೆದುಕೊಳ್ಳುವ ಆಲ್ಟರ್ನೇಟರ್ ಬೇಕು. ಒಳ್ಳೆ ಗ್ಯಾರೇಜಿಗೆ ಇದು ಗೊತ್ತಿರುವ ಕೆಲಸ.

ಎಚ್‌ಪಿ ಎರಡು ಪಟ್ಟಾದರೆ ಕಾರು ಬೇಗ ವೇಗ ಹಿಡಿಯುತ್ತದೆ, ದಿನವೂ ಹೆಚ್ಚು ವೇಗದಲ್ಲಿ ಓಡುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಬ್ರೇಕ್‌ಗಳ ನಡುವೆ ಡ್ರಮ್ ಆರಲು ಮೊದಲು ಸಿಗುತ್ತಿದ್ದ ಹೊತ್ತು ಈಗ ಸಿಗುವುದಿಲ್ಲ. ಹೊಸ ಇಂಜಿನ್ ಬ್ರೇಕಿನ ಮೇಲೆ ಹಾಕುವ ನಿಜವಾದ ಹೊರೆ ಇದೇ.

ಕಾಗದಪತ್ರವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಕಡಿವಾಣ ಹಾಕುತ್ತದೆ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇಂಜಿನ್ ಕೊಳ್ಳುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ, ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಕಾರಿಗೆ 50 ವರ್ಷ ದಾಟಿದ್ದರೆ ಇನ್ನೊಮ್ಮೆ ಯೋಚಿಸಿ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪದಲ್ಲೇ ಉಳಿದ ಕಾರಿಗೆ. ಅಂಥ ಕಾರಿನ ಮೂಲ ಇಂಜಿನ್ನನ್ನೇ ರಿಪೇರಿ ಮಾಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮುಂಬೈನ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಇದ್ದ ಹಾಗೇ ಉಳಿದ ಕಾರುಗಳು ಇನ್ನು ಕಡಿಮೆಯಾಗುತ್ತಲೇ ಹೋಗುತ್ತವೆ.

ಕೆಲಸವೆಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಿಡಬಾರದು. ಜೋರಾಗಿ ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ವಾಲುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವೆ 2.34 ಮೀಟರ್ ಅಂತರ (ವೀಲ್‌ಬೇಸ್) ಇರುವ ಫಿಯೆಟ್‌ನಲ್ಲಿ ಸುಮಾರು 180 ಕೆಜಿ ಹಿಂದಿನಿಂದ ಮುಂದಿನ ಚಕ್ರಗಳಿಗೆ ಸರಿಯಬಹುದು. ಹಗುರಾದ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ತಿರುಗಿ ನಿಲ್ಲುತ್ತದೆ. ಮುಂದಿನದು ಮೊದಲು ಲಾಕ್ ಆದರೆ ಸ್ಟೇರಿಂಗ್ ಕೇಳುವುದಿಲ್ಲ, ಆದರೆ ಕಾರು ನೇರವಾಗಿ ಹೋಗುತ್ತದೆ. ಎರಡರಲ್ಲಿ ಇದೇ ಕಡಿಮೆ ಅಪಾಯ. ಖಾಲಿ ಮೈದಾನದಲ್ಲಿ 30 ಕಿಮೀ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ, ಯಾವ ಚಕ್ರ ಮೊದಲು ನಿಂತಿತು ಅಂತ ದೂರ ನಿಂತು ನೋಡಲು ಒಬ್ಬರಿಗೆ ಹೇಳಿ. ನಿಧಾನದಲ್ಲಿ ಮುಂದಿನದು ಮೊದಲು ನಿಂತರೆ ಮಾತ್ರ ವೇಗ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಮತ್ತೆ ನೋಡಿ. ಹಿಂದಿನದು ಮೊದಲು ನಿಂತರೆ ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿ, ಮತ್ತೆ 30ರಿಂದಲೇ ಶುರು ಮಾಡಿ.