ಬಣ್ಣದ ಹಬ್ಬಗಳ ಫೋಟೊ: ಮೊದಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು. ಇತ್ತೀಚೆಗೆ ಒಂದು ಕ್ಯಾಮೆರಾ ತಗೊಂಡಿದ್ದೇನೆ. ಉತ್ತರ ಪ್ರದೇಶದ ಬರ್ಸಾನಾ ಹೋಳಿ, ರಾಜಸ್ಥಾನದ ಪುಷ್ಕರದ ಒಂಟೆ ಜಾತ್ರೆ, ನಾಗಾಲ್ಯಾಂಡಿನ ಹಾರ್ನ್‌ಬಿಲ್ ಉತ್ಸವ, ಇವುಗಳ ಫೋಟೊ ನೋಡಿ ನೋಡಿ ನಾನೂ ಹೋಗಬೇಕು ಅನ್ನಿಸಿದೆ. ರಜೆ, ದುಡ್ಡು ಎರಡೂ ಕಡಿಮೆ. ಮೊದಲು ಯಾವುದಕ್ಕೆ ಹೋಗಲಿ? ಬಣ್ಣದಲ್ಲಿ ಕ್ಯಾಮೆರಾ ಹಾಳಾಗದ ಹಾಗೆ ಏನು ಮಾಡಬೇಕು?

ಉತ್ತರ: ಮೊದಲು ಹಳೇ ಬಾಗಲಕೋಟೆಯ ಹೋಳಿಗೆ ಹೋಗಿ. ನವನಗರದಿಂದ ಆಟೋ ಹಿಡಿದರೆ ಸಾಕು.

ಇದನ್ನು ದುಡ್ಡು ಉಳಿಯಲಿ ಅಂತ ಹೇಳುತ್ತಿಲ್ಲ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೇ ಹಬ್ಬದ ಒಳ್ಳೆ ಫೋಟೊ ಸಿಗುತ್ತದೆ. ತೇರು ಎಲ್ಲಿ ತಿರುಗುತ್ತದೆ, ಯಾವ ಓಣಿಯ ಮಜಲು (ಹಲಗಿ ವಾದ್ಯದ ಮೇಳ) ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಮನೆ ಮಾಳಿಗೆ ಮೇಲೆ ನಿಂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಇದೆಲ್ಲ ಮೊದಲೇ ತಿಳಿದಿರಬೇಕು. ಬರ್ಸಾನಾದಲ್ಲಿ ಇದನ್ನು ನಿಮಗೆ ಹೇಳುವವರು ಯಾರು? ಇಲ್ಲಿ ನಿಮ್ಮ ಸೋದರಮಾವನೇ ಹೇಳುತ್ತಾರೆ. ಈ ವರ್ಷ ತಪ್ಪಿದ್ದನ್ನು ಮುಂದಿನ ವರ್ಷ ಅದೇ ಮೂಲೆಯಲ್ಲಿ ನಿಂತು ತೆಗೆಯಬಹುದು. ದೂರದ ಊರಿಗೆ ಒಮ್ಮೆ ಹೋಗಿ ಬಂದವರಿಗೆ ಈ ಅವಕಾಶ ಇಲ್ಲ.

ಬಾಗಲಕೋಟೆಯಲ್ಲಿ ಶಿವರಾತ್ರಿ ಮುಗಿಯುತ್ತಿದ್ದ ಹಾಗೆ ಹಲಗಿ ಸದ್ದು ಶುರುವಾಗುತ್ತದೆ. ಕಾಮದಹನ ಆದ ಮೇಲೆ ಮೂರು ದಿನ ಬಣ್ಣದಾಟ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಇದು ಓಣಿಗಳ ಹಬ್ಬ. ಒಂದು ಓಣಿಯವರು ಬ್ಯಾರಲ್‌ಗಳಲ್ಲಿ ಬಣ್ಣ ತುಂಬಿ, ಬಂಡಿ ಹೇರಿಕೊಂಡು ಇನ್ನೊಂದು ಓಣಿಗೆ ಹೋಗಿ ಎರಚುತ್ತಾರೆ. ಮೊದಲು ಚಕ್ಕಡಿಗಳಿದ್ದವು, ಈಗ ಟ್ರ್ಯಾಕ್ಟರ್ ಜಾಸ್ತಿ. ಆಲಮಟ್ಟಿ ಹಿನ್ನೀರಿನಿಂದ ಹಳೇ ಊರಿನ ಒಂದಷ್ಟು ಭಾಗ ಮುಳುಗಿ, ಜನ ನವನಗರಕ್ಕೆ ಬಂದು ನೆಲೆಸಿದರು. ಆದರೂ ಕಾಮಣ್ಣನ ಹಬ್ಬಕ್ಕೆ ತುಂಬಾ ಮಂದಿ ಹಳೇ ಓಣಿಗೇ ಹೋಗುತ್ತಾರೆ. ನಿಮ್ಮ ಮನೆಯವರೂ ಹೋಗುತ್ತಿರಬಹುದು. ಅವರ ಬೆನ್ನು ಹತ್ತಿ ಹೊರಟರೇ ಒಂದು ಫೋಟೊ ಸರಣಿ ಆಗುತ್ತದೆ.

ಬಹಳ ಜನ ಬಣ್ಣದ ಬಂಡಿಗಳ ಫೋಟೊ ತೆಗೆದು ಮನೆಗೆ ಹೋಗಿಬಿಡುತ್ತಾರೆ. ನನಗೆ ಇಷ್ಟವಾಗುವುದು ಅದಕ್ಕೂ ಮುಂಚಿನ ರಾತ್ರಿಗಳು. ಬಾರಿಸುವ ಮುಂಚೆ ಚರ್ಮ ಬಿಗಿಯಾಗಲಿ ಅಂತ ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಸುತ್ತ ಹುಡುಗರು ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಬೆಳಕು ಕೆಳಗಿನಿಂದ ಮುಖಕ್ಕೆ ಬರುತ್ತದೆ. ಇಲ್ಲಿ ಫ್ಲ್ಯಾಶ್ ಹಾಕಿದರೆ ಎಲ್ಲ ಕೆಟ್ಟಿತು. 50 ಎಂಎಂ ಲೆನ್ಸ್, ಎಫ್ 1.8 (ಲೆನ್ಸಿನ ಕಂಡಿ ಅಗಲ ತೆರೆದು), ಐಎಸ್ಒ 3200 (ಬೆಳಕಿನ ಸೂಕ್ಷ್ಮತೆ ಏರಿಸಿ) ಇಟ್ಟುಕೊಂಡು ಬೆಂಕಿಯನ್ನೇ ನಂಬಿ. ಆಮೇಲೆ ಮಜಲು ಹೊರಟಾಗ ಶಟರ್ 1/15 ಸೆಕೆಂಡಿಗೆ ಇಳಿಸಿ, ಬಾರಿಸುವವನ ಜೊತೆಜೊತೆಗೇ ಕ್ಯಾಮೆರಾ ತಿರುಗಿಸಿ. ಮುಖ ನಿಲ್ಲುತ್ತದೆ, ಕೈ ಮತ್ತು ಕೋಲು ಓಡುತ್ತವೆ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಆಗಲಿ ಬಿಡಿ. ಈಗ ಫೈಬರ್ ಹಲಗಿಗಳೂ ಬಂದಿವೆ, ಅವನ್ನು ಕಾಯಿಸುವ ಕೆಲಸ ಇಲ್ಲ. ಚರ್ಮದ ಹಲಗಿ ಇರುವ ಮೇಳ ಯಾವ ಓಣಿಯದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಕ್ಯಾಮೆರಾ. ಒದ್ದೆ ಬಣ್ಣದ ಹಬ್ಬಕ್ಕೂ ಪುಡಿ ಬಣ್ಣದ ಹಬ್ಬಕ್ಕೂ ಬೇರೆ ಬೇರೆ ಎಚ್ಚರ ಬೇಕು. ಬಾಗಲಕೋಟೆಯದು ಒದ್ದೆ. ಮಳೆಗೆ ಹಾಕುವ ಕವರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಪಾಲಿಥೀನ್ ಚೀಲಕ್ಕೆ ಲೆನ್ಸ್ ಅಳತೆಯ ತೂತು ಮಾಡಿ, ರಬ್ಬರ್ ಬ್ಯಾಂಡ್ ಸುತ್ತಿ, ಸಂದುಗಳಿಗೆ ಟೇಪ್ ಅಂಟಿಸಿ. ಲೆನ್ಸ್ ಮುಂದೆ ಒಂದು ಯುವಿ ಫಿಲ್ಟರ್ ಇರಲಿ. ಅದು ಗೀಚಿದರೆ ಬದಲಾಯಿಸಬಹುದು, ಲೆನ್ಸ್ ಗೀಚಿದರೆ ಕಷ್ಟ. ಮನೆಯಿಂದ ಹೊರಡುವಾಗ ಯಾವ ಲೆನ್ಸ್ ಹಾಕಿರುತ್ತೀರೋ ಮರಳಿ ಬರುವ ತನಕ ಅದೇ ಇರಬೇಕು. ಓಣಿಯ ನಡುವೆ ಲೆನ್ಸ್ ಬಿಚ್ಚಲೇಬೇಡಿ. 24-70 ಎಂಎಂ ಜೂಮ್ ಇದ್ದರೆ ಅದು, ಇಲ್ಲವೇ ಒಂದು 35 ಎಂಎಂ ಸಾಕು. ಪುಡಿ ಕೂತಾಗ ಒದ್ದೆ ಬಟ್ಟೆಯಿಂದ ಒರೆಸುವುದು ತುಂಬಾ ಜನರ ರೂಢಿ. ಹಾಗೆ ಮಾಡಿದರೆ ಅರಿಶಿನ, ಗುಲಾಲು ಕಲೆಯಾಗಿ ನಿಲ್ಲುತ್ತವೆ, ಗುಂಡಿಗಳ ಸಂದಿಗೂ ಇಳಿಯುತ್ತವೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಒಣ ಬ್ರಶ್‌ನಿಂದ ಝಾಡಿಸಿ, ಕೊನೆಗೆ ಬಟ್ಟೆ. ಈ ಕ್ರಮ ತಪ್ಪಬಾರದು.

ಹೋಳಿ ತನಕ ಕಾಯಬೇಕಾ ಅಂತ ಕೇಳಬಹುದು. ಬೇಕಿಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ಹುಣ್ಣಿಮೆಗಳನ್ನು ಗುರುತು ಹಾಕಿಕೊಳ್ಳಿ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ಡಿಸೆಂಬರ್‌ನಿಂದ ಮಾರ್ಚ್ ತನಕ ನಮ್ಮ ಕಡೆಯ ದೊಡ್ಡ ಜಾತ್ರೆಗಳೆಲ್ಲ ಹೆಚ್ಚುಕಮ್ಮಿ ಇವುಗಳಿಗೇ ಕಟ್ಟಿಕೊಂಡಿವೆ. ಫೋಟೊ ತೆಗೆಯುವವರಿಗೆ ಇದರಿಂದ ದೊಡ್ಡ ಲಾಭ ಇದೆ. ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಅಂದರೆ ಸಂಜೆಯ ಬೆಳಕು ಇನ್ನೂ ಇರುವಾಗಲೇ ಆಕಾಶದಲ್ಲಿ ಪೂರ್ತಿ ಚಂದ್ರ. ಬೇರೆ ದಿನ ಈ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಬಾದಾಮಿ ಬನಶಂಕರಿಯ ತೇರು ಎಳೆಯುವುದು ಬನದ ಹುಣ್ಣಿಮೆಯ ಸಂಜೆ. ಹಿಂದಿನ ದಿನವೇ ಹೋಗಿ, ಚಂದ್ರ ಯಾವ ಕಡೆಯಿಂದ ಬರುತ್ತಾನೆ ಅಂತ ನೋಡಿ ಜಾಗ ಗೊತ್ತು ಮಾಡಿಕೊಳ್ಳಿ. ಗುಡಿ ಮುಂದಿನ ಹರಿದ್ರಾ ತೀರ್ಥದ ಕಲ್ಲಿನ ಮಂಟಪಗಳಲ್ಲಿ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದೆ. ಅಲ್ಲೇ ಅವ್ವಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಮಡಿಕೆ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಮೊದಲು ಉಣ್ಣಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ರಾತ್ರಿ ನಾಟಕ ಕಂಪನಿಗಳ ಟೆಂಟು. ತೇರು ಮುಗಿದ ಮೇಲೂ ವಾರಗಟ್ಟಲೆ ಇವು ಇರುತ್ತವೆ, ಹಾಗಾಗಿ ಗದ್ದಲ ಕಡಿಮೆಯಾದ ಮೇಲೆ ಹೋದರೂ ನಡೆಯುತ್ತದೆ. ಬಣ್ಣ ಬರೆದ ಬೋರ್ಡು, ಸೀರಿಯಲ್ ಲೈಟು, ಟಿಕೆಟ್ ಕೌಂಟರ್ ಮುಂದಿನ ಜನ. ಪರದೆ ಹಿಂದೆ ಹೋಗಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು ತೆಗೆಯಬೇಕೆಂದರೆ ಮಾಲೀಕರನ್ನು ಕೇಳಿ. ಆಟ ಶುರುವಾಗುವ ಎರಡು ತಾಸು ಮುಂಚೆ ಕೇಳುವುದು ಒಳ್ಳೆಯದು. ಬಾದಾಮಿ, ಬಾಗಲಕೋಟೆ, ವಿಜಯಪುರ ಮೂರೂ ಗದಗ-ಸೋಲಾಪುರ ರೈಲು ಹಾದಿಯಲ್ಲೇ ಇವೆ. ಗಾಡಿ ಇಲ್ಲದವರಿಗೂ ತೊಂದರೆ ಇಲ್ಲ.

ಪುಡಿ ಬಣ್ಣ ಬೇಕು ಅಂದರೆ ಬೆಳಗಾವಿ ಜಿಲ್ಲೆಗೆ ಬನ್ನಿ. ಅರಿಶಿನ ಹಾರುವ ಫೋಟೊಗೆ ದೇಶದ ಎಲ್ಲೆಲ್ಲಿಂದಲೋ ಪುಣೆ ಹತ್ತಿರದ ಜೇಜುರಿಗೆ ಹೋಗುತ್ತಾರೆ. ಅದೇ ಭಂಡಾರ, ಅಂದರೆ ದೇವರ ಅರಿಶಿನ, ನಮ್ಮ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿದೆ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿದೆ. ಚಿಂಚಲಿಗೆ ಬೆಳಗಾವಿ-ಮಿರಜ್ ಮಾರ್ಗದಲ್ಲಿ ರೈಲು ನಿಲ್ದಾಣವೂ ಇದೆ. ಭಂಡಾರ ತೆಗೆಯುವಾಗ ಸೂರ್ಯ ನಿಮ್ಮ ಎದುರಿಗೆ ಇರಲಿ, ಪುಡಿ ನಿಮಗೂ ಸೂರ್ಯನಿಗೂ ನಡುವೆ ಹಾರಲಿ. ಆಗಲೇ ಕಣಕಣ ಹೊಳೆಯುತ್ತದೆ. ಶಟರ್ 1/1000 ಸೆಕೆಂಡ್ ಅಥವಾ ಅದಕ್ಕಿಂತ ವೇಗ. ಇಷ್ಟೊಂದು ಹಳದಿ ಇದ್ದಾಗ ಕ್ಯಾಮೆರಾ ದಾಖಲಿಸುವ ಕೆಂಪಿನ ಪಾಲು (ಕೆಂಪು ಚಾನೆಲ್) ಬೇಗ ತುಂಬಿಹೋಗಿ, ಅರಿಶಿನ ಒಂದೇ ಗಟ್ಟಿ ಹಳದಿಯಾಗಿ ಬಿಡುತ್ತದೆ. ಎಕ್ಸ್‌ಪೋಶರ್, ಅಂದರೆ ಒಳಗೆ ಬರುವ ಬೆಳಕು, ಅರ್ಧ ಸ್ಟಾಪ್ ಇಳಿಸಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ. ಹಳದಿ ಅತಿಯಾಯಿತು ಅಂತ ಕ್ಯಾಮೆರಾ ತಾನೇ ನೀಲಿ ಬೆರೆಸಿ ಭಂಡಾರದ ಕಳೆ ತೆಗೆದುಬಿಡುತ್ತದೆ. ಡೇಲೈಟ್‌ಗೆ ಇಟ್ಟು, ರಾ (RAW) ಫೈಲ್‌ನಲ್ಲಿ ತೆಗೆಯಿರಿ.

ಆದರೆ ಗುಡ್ಡದಲ್ಲಿ ಭಂಡಾರ ಒಂದೇ ಅಲ್ಲ. ಚಕ್ಕಡಿ ಕಟ್ಟಿಕೊಂಡು ಬಂದವರು ಬಯಲಲ್ಲೇ ಒಲೆ ಹೂಡಿ, ಹೋಳಿಗೆ, ಕಡುಬು ಮಾಡಿ ಪಡ್ಡಲಗಿ (ದೇವಿಯ ಬುಟ್ಟಿ) ತುಂಬಿಸುತ್ತಾರೆ. ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮನ ಹೆಸರಲ್ಲಿ ಬಳೆ ತೆಗೆಯುವುದು, ಭಾರತ ಹುಣ್ಣಿಮೆಗೆ ಮತ್ತೆ ಹಸಿರು ಬಳೆ ತೊಡುವುದು ನಡೆಯುತ್ತದೆ. ಈ ಎರಡೂ ಹುಣ್ಣಿಮೆಗೆ ಹೋದವರಿಗೆ ಮಾತ್ರ ಆ ಕತೆ ಪೂರ್ತಿ ಸಿಗುತ್ತದೆ. ಒಂದೇ ದಿನ ಬಂದು "ಉಧೋ ಉಧೋ" ಅನ್ನುವ ಗುಂಪಿನ ಫೋಟೊ ತೆಗೆದುಕೊಂಡು ಹೋದರೆ ಏನೂ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜೋಗುಳ ಬಾವಿಯಲ್ಲಿ ಸ್ನಾನ ಮಾಡುವವರ ಫೋಟೊ ತೆಗೆಯಬೇಡಿ. ಒದ್ದೆ ಸೀರೆಯ ಹೆಂಗಸರನ್ನು ದೂರದಿಂದ ಜೂಮ್ ಹಾಕಿ ತೆಗೆಯುವುದು ಛಾಯಾಗ್ರಹಣ ಅಲ್ಲ. ಮೈಮೇಲೆ ದೇವರು ಬಂದವರ ಮುಖಕ್ಕೆ ಕ್ಯಾಮೆರಾ ತೂರಿಸಬೇಡಿ. ಕೊರಳಲ್ಲಿ ಮುತ್ತು, ತಲೆ ಮೇಲೆ ಕೊಡ ಕಂಡ ತಕ್ಷಣ ಫೋಟೊ ಕೆಳಗೆ ದೇವದಾಸಿ ಅಂತ ಬರೆಯುವವರು ಇದ್ದಾರೆ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1980ರ ದಶಕದಿಂದಲೇ ಇದೆ. ಗೊತ್ತಿಲ್ಲದವರ ಬದುಕಿಗೆ ಸುಮ್ನೆ ಒಂದು ಹಣೆಪಟ್ಟಿ ಅಂಟಿಸುವುದು ಅನ್ಯಾಯ ಅಲ್ವಾ? ಯಲ್ಲಮ್ಮನ ಭಕ್ತರ ಜೋಗತಿ ಕಲೆಗೆ ಬಾಳು ಕೊಟ್ಟ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿದೆ. ಚೌಡಿಕೆ ವಾದ್ಯ ಹಿಡಿದವರನ್ನು ಕಲಾವಿದರು ಅಂತ ನೋಡಿ, ಹಾಡು ಮುಗಿಯುವ ತನಕ ಕೂತು ಕೇಳಿ.

ಕೇಳುವುದು ಕಷ್ಟವೇನಲ್ಲ. "ಅಕ್ಕಾರ, ಒಂದ್ ಫೋಟೊ ತಗೀಲೇನ್ರಿ?" ಅಂದರೆ ಸಾಕು. "ಯಾಕ ತಮ್ಮಾ, ಪೇಪರ್‌ನ್ಯಾಗ ಹಾಕ್ತಿಯೇನು?" ಅಂತ ಮರುಪ್ರಶ್ನೆ ಬರುತ್ತದೆ. ಎಲ್ಲಿ ಹಾಕುತ್ತೀರಿ ಅಂತ ನಿಜ ಹೇಳಿ. ಬೇಡ ಅಂದರೆ ನಮಸ್ಕಾರ ಮಾಡಿ ಮುಂದೆ ಹೋಗಿ. ತೆಗೆದ ಫೋಟೊದ ಪ್ರಿಂಟ್ ಹಾಕಿಸಿ ಮುಂದಿನ ವರ್ಷ ಕೊಟ್ಟು ನೋಡಿ, ಆ ಕುಟುಂಬವೇ ನಿಮ್ಮನ್ನು ಒಲೆ ಹತ್ತಿರ ಕೂಡಿಸಿಕೊಳ್ಳುತ್ತದೆ.

ವಿಜಯಪುರದ ಸಿದ್ದೇಶ್ವರ ಜಾತ್ರೆ ಸಂಕ್ರಮಣಕ್ಕೆ. ತಾರೀಖು ಹೆಚ್ಚುಕಮ್ಮಿ ಆಗುವುದಿಲ್ಲ, ರಜೆ ಮೊದಲೇ ಹಾಕಬಹುದು. ನಂದಿ ಧ್ವಜಗಳ ಮೆರವಣಿಗೆಗೆ ಮಾಳಿಗೆಗಿಂತ ನೆಲವೇ ಒಳ್ಳೆಯದು. ಕೆಳಗಿನಿಂದ ತೆಗೆದರೆ ಧ್ವಜದ ಎತ್ತರ, ಹೊತ್ತವರ ತೋಳಿನ ಬಲ ಎರಡೂ ಕಾಣುತ್ತವೆ. ಪಟಾಕಿ ಮದ್ದು ಸುಡುವ ರಾತ್ರಿಗೆ ಮಾತ್ರ ಟ್ರೈಪಾಡ್ ಒಯ್ಯಿರಿ. ಐಎಸ್ಒ 100, ಎಫ್ 8, ನಾಲ್ಕೈದು ಸೆಕೆಂಡ್.

ಬೆಳಗಾವಿಯ ಗಣೇಶ ವಿಸರ್ಜನೆ ರಾತ್ರಿಯಿಡೀ ನಡೆದು ಮರುದಿನಕ್ಕೆ ಹೋಗುತ್ತದೆ. ಗಲ್ಲಿಗಳ ಸಡಗರ ನೋಡಿಕೊಂಡು ನಸುಕಿನಲ್ಲಿ ಕಪಿಲೇಶ್ವರ ಹೊಂಡಕ್ಕೆ ಹೋಗಿ. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ 25. 1824ರಲ್ಲಿ ಕಿತ್ತೂರಿನ ಸೈನ್ಯದ ಎದುರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು ಅದೇ 23ರಂದು. ವೇದಿಕೆ ಕಾರ್ಯಕ್ರಮಕ್ಕಿಂತ ಜನಪದ ಮೇಳಗಳ ಮೆರವಣಿಗೆ ಚೆಂದ.

ಇಷ್ಟು ಕೈ ಪಳಗಿದ ಮೇಲೆ ದೂರದ ಹಬ್ಬಗಳು. ಹಾರ್ನ್‌ಬಿಲ್ ಡಿಸೆಂಬರ್ 1ರಿಂದ 10ರವರೆಗೆ, ಕೊಹಿಮಾ ಹತ್ತಿರದ ಕಿಸಾಮಾದಲ್ಲಿ. ನೋಡಲು ಬಂದವರಿಗಾಗಿಯೇ ಮಾಡುವ ಉತ್ಸವ ಆದ್ದರಿಂದ ಕ್ಯಾಮೆರಾಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ನಾಗಾಲ್ಯಾಂಡಿಗೆ ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಳ್ಳಬೇಕು. ಪುಷ್ಕರ ಕಾರ್ತಿಕ ಹುಣ್ಣಿಮೆಗೆ. ಆದರೆ ಒಂಟೆ ವ್ಯಾಪಾರ ಹುಣ್ಣಿಮೆಗೆ ಮುಂಚೆಯೇ ಮುಗಿಯುತ್ತಾ ಬರುತ್ತದೆ, ಐದಾರು ದಿನ ಮೊದಲೇ ಅಲ್ಲಿರಬೇಕು. ಬರ್ಸಾನಾವನ್ನು ಕೊನೆಗೆ ಇಟ್ಟುಕೊಳ್ಳಿ. ವಿಪರೀತ ನೂಕುನುಗ್ಗಲು. ಅಲ್ಲಿ ಕಲಿಯಲು ಆಗುವುದಿಲ್ಲ, ಕಲಿತು ಹೋಗಬೇಕು.

ರಾಜ್ಯದಾಚೆಗೆ ಮೊದಲ ಪ್ರಯಾಣ ಅಂತ ನಾನು ಹೇಳುವುದು ಕೊಲ್ಹಾಪುರ ಜಿಲ್ಲೆಯ ಪಟ್ಟಣ ಕೊಡೋಲಿ. ದಸರಾ ಆದ ಮೇಲೆ ಅಲ್ಲಿ ವಿಠ್ಠಲ ಬೀರದೇವರ ಜಾತ್ರೆ. ಕುರಿ ಕಾಯುವ ಧನಗರರ ದೇವರು, ನಮ್ಮ ಹಾಲುಮತದವರ ಬೀರಪ್ಪನ ಬಳಗ. ಢೋಲು, ಕೊಡೆ, ಕಣ್ಣು ಬಿಡಲಾಗದಷ್ಟು ಅರಿಶಿನ. ಬೆಳಗಾವಿಯಿಂದ ನಿಪ್ಪಾಣಿ ಮೇಲೆ ಹೋಗಿ ರಾತ್ರಿಗೆ ವಾಪಸ್ ಬರಬಹುದು. ನಿಮ್ಮ ಕಡೆ ಡೊಳ್ಳು ಬಾರಿಸುವ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅಲ್ಲಿ ಯಾವಾಗ ಏನು ನಡೆಯುತ್ತದೆ ಅಂತ ನಿಮಗಿಂತ ಬೇಗ ಅವರಿಗೆ ತಿಳಿಯುತ್ತದೆ.