ಹಳೇ ಪೋರ್ಷೆ ಟರ್ಬೊದ ರೆಕ್ಕೆ ಓರೆಯಾಗಿ ಏಳ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ 2002ರ ಪೋರ್ಷೆ 911 ಟರ್ಬೊ ಕೊಂಡೆ. ಈಗ ಹಿಂದಿನ ಸ್ಪಾಯ್ಲರ್, ಅಂದರೆ ವೇಗ ಹೆಚ್ಚಿದಾಗ ಮೇಲೇಳುವ ರೆಕ್ಕೆ, ಏಳುವಾಗ ಬಲಗಡೆ ಸರಿಯಾಗಿ ಏಳುತ್ತದೆ, ಎಡಗಡೆ ಹಿಂದುಳಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸ್ಪಾಯ್ಲರ್ ದೀಪ ಹತ್ತಿಕೊಂಡಿದೆ. ಎಂಜಿನ್ ಮುಚ್ಚಳದ ಒಳಗಡೆ ಎಣ್ಣೆ ಜಿಡ್ಡು. ಒಬ್ಬರು ಪಂಪ್ ಬದಲಾಯಿಸಿ ಅಂದರು. ಇನ್ನೊಬ್ಬರು ಎಲ್ಲ ಕಿತ್ತು ಹಾಕಿ, ಎರಡು ರಾಡ್ ಕೊಟ್ಟು ರೆಕ್ಕೆಯನ್ನು ಮೇಲೆಯೇ ನಿಲ್ಲಿಸಿಬಿಡಿ ಅಂದರು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನೀವು ಹೇಳಿದ್ದು ನೋಡಿದರೆ ಕೆಟ್ಟಿರುವುದು ಪಂಪ್ ಅಲ್ಲ, ಎಡಗಡೆಯ ಸಿಲಿಂಡರಿನ ಸೀಲ್. ಇದು ಎಂಜಿನ್ನಿನ ಸಿಲಿಂಡರ್ ಅಲ್ಲ. ಎಣ್ಣೆಯ ಒತ್ತಡಕ್ಕೆ (ಅದಕ್ಕೇ ಹೈಡ್ರಾಲಿಕ್ ಅನ್ನುವುದು) ಒಳಗಿನ ರಾಡ್ ಹೊರಬಂದು ರೆಕ್ಕೆ ಎತ್ತುವ ಕೊಳವೆ. ಅದರ ಬಾಯಿಯಲ್ಲಿ ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರ್ ಉಂಗುರವೇ ಸೀಲ್. ಈ ಮಾಡೆಲ್‌ನಲ್ಲಿ, ಅಂದರೆ 2000ದಿಂದ 2005ರವರೆಗೆ ಬಂದ 996 (911ರ ಆ ತಲೆಮಾರಿಗೆ ಕಂಪನಿ ಇಟ್ಟ ಸಂಖ್ಯೆ) ಟರ್ಬೊದಲ್ಲಿ, ಸೀಲ್ ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ವಯಸ್ಸಾದ ಕಾರುಗಳಲ್ಲಿ ಇವತ್ತಲ್ಲ ನಾಳೆ ಬರುವಂಥದ್ದೇ.

ಪಂಪ್ ಅಲ್ಲ ಅಂತ ಅಷ್ಟು ಧೈರ್ಯವಾಗಿ ಯಾಕೆ ಹೇಳುತ್ತೇನೆ ಅಂದರೆ, ಎರಡೂ ಬದಿಗೆ ಇರುವುದು ಒಂದೇ ಪಂಪ್. ಎಂಜಿನ್ ಮುಚ್ಚಳದ ಅಡಿಯಲ್ಲಿ ಸಣ್ಣ ಎಲೆಕ್ಟ್ರಿಕ್ ಮೋಟರ್, ಅದಕ್ಕೆ ಅಂಟಿಕೊಂಡ ಪಂಪ್, ಒಂದು ಪುಟ್ಟ ಎಣ್ಣೆ ಟ್ಯಾಂಕ್. ಅಲ್ಲಿಂದ ತೆಳ್ಳನೆಯ ಪೈಪುಗಳು ಎಡಬಲದ ಎರಡು ಸಿಲಿಂಡರಿಗೆ ಹೋಗುತ್ತವೆ. ಪಂಪ್ ಸೋತರೆ ಎರಡೂ ಕಡೆ ನಿಧಾನವಾಗಬೇಕು, ಇಲ್ಲವೇ ಎರಡೂ ಏಳಬಾರದು. ಒಂದು ಕಡೆ ಮಾತ್ರ ಹಿಂದುಳಿಯುತ್ತಿದೆ ಅಂದರೆ ತೊಂದರೆ ಆ ಕಡೆಯ ಸಿಲಿಂಡರಿನಲ್ಲೋ ಅದರ ಪೈಪಿನಲ್ಲೋ ಇದೆ. ಮೇಲೆ ಎಣ್ಣೆ ಬೇರೆ ಸುರಿದಿದೆ. ಇಷ್ಟಾದ ಮೇಲೂ ಮೊದಲು ಪಂಪ್ ತರಿಸುವುದು ಅಂದರೆ ಸುಮ್ನೆ ದುಡ್ಡು ದಂಡ.

ಆದರೂ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಎತ್ತಿ. ಎರಡೂ ಸಿಲಿಂಡರ್, ಪೈಪ್ ಸೇರುವ ಜಾಗ, ಪಂಪಿನ ಸುತ್ತ, ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಹಳೇ ಜಿಡ್ಡು ಇದ್ದರೆ ಹೊಸ ಸೋರಿಕೆ ಎಲ್ಲಿಂದ ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ಇಗ್ನಿಷನ್ ಆನ್ ಮಾಡಿ, ಒಳಗಿನ ಸ್ವಿಚ್ ಒತ್ತಿ ಒಂದೇ ಸಲ ರೆಕ್ಕೆ ಎತ್ತಿ ಇಳಿಸಿ. ಈಗ ಮತ್ತೆ ನೋಡಿ. ರಾಡ್ ಹೊರಗೆ ಬರುವ ಬಾಯಿಯ ಸುತ್ತ ಉಂಗುರದ ಹಾಗೆ ಎಣ್ಣೆ ಒಸರಿದ್ದರೆ ಸೀಲ್ ಹೋಗಿದೆ. ಪೈಪಿನ ಕೀಲಿನಲ್ಲಿ ಹನಿ ಇದ್ದರೆ ಪೈಪ್. ಪೈಪ್ ಆದರೆ ನಿಮ್ಮ ಅದೃಷ್ಟ, ಅಗ್ಗದಲ್ಲಿ ಮುಗಿಯುತ್ತದೆ.

ಮೋಟರಿನ ಸದ್ದಿಗೂ ಕಿವಿ ಕೊಡಿ. ಗುಯ್ಯ್ ಅಂತ ತಿರುಗುತ್ತಿದೆ, ರೆಕ್ಕೆ ಅಲುಗುತ್ತಿಲ್ಲ ಅಂದರೆ ಎಣ್ಣೆ ಕಮ್ಮಿಯಾಗಿ ಗಾಳಿ ಸೇರಿದೆ. ಸದ್ದೇ ಇಲ್ಲ ಅಂದರೆ ಫ್ಯೂಸ್, ರಿಲೇ, ಸ್ವಿಚ್, ಮೋಟರ್, ಈ ಸಾಲಿನಲ್ಲಿ ಹುಡುಕಬೇಕು. ಚೆನ್ನಾಗಿಯೇ ಏಳುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಕುಸಿಯುತ್ತದೆ, ಹೊರಗೆ ಒಂದು ಹನಿಯೂ ಇಲ್ಲ ಅಂದರೆ ಎಣ್ಣೆ ಒಳಗೊಳಗೇ ಜಾರುತ್ತಿದೆ. ಅದು ಸಿಲಿಂಡರಿನ ಒಳ ಸೀಲ್ ಇರಬಹುದು, ಪಂಪಿನ ವಾಲ್ವ್ ಕೂಡ ಇರಬಹುದು. ಪಂಪಿನ ಮೇಲೆ ಅನುಮಾನ ಪಡಬೇಕಾದ್ದು ಅಲ್ಲಿ.

ಪರೀಕ್ಷೆ ಮಾಡುವಾಗ ಎರಡು ವಿಷಯ ನೆನಪಿರಲಿ. ರೆಕ್ಕೆಯ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಬೆರಳು ಇಡಬೇಡಿ. ಹಾಗೆಯೇ ಅರ್ಧಕ್ಕೆ ನಿಂತ ರೆಕ್ಕೆಯನ್ನು ಕೈಯಿಂದ ಅದುಮಿ ಕೂರಿಸಬೇಡಿ. ಹಾಗೆ ಅದುಮಿದರೆ ಎಣ್ಣೆ ವಾಪಸ್ ಒತ್ತಿ, ಇನ್ನೂ ಚೆನ್ನಾಗಿದ್ದ ಬಲಗಡೆಯ ಸೀಲೂ ಹೋಗಬಹುದು. ಓರೆಯಾಗಿ ಏಳುತ್ತಿರುವುದನ್ನು ಪದೇಪದೇ ಎತ್ತಿ ಇಳಿಸುವುದೂ ಒಳ್ಳೆಯದಲ್ಲ, ಹಲಗೆಯೇ ತಿರುಚಿಕೊಳ್ಳುತ್ತದೆ.

ಇನ್ನು ರಿಪೇರಿಯೋ ಹೊಸದೋ ಅನ್ನುವ ಪ್ರಶ್ನೆ. ಊರಿನಲ್ಲಿ ಜೆಸಿಬಿಗೋ ಟಿಪ್ಪರಿನ ಜಾಕಿಗೋ ಸೀಲ್ ಕಿಟ್ ಹಾಕಿಸಿದವರನ್ನು ಕೇಳಿದರೆ ನಗುತ್ತಾರೆ. ಸಿಲಿಂಡರ್ ಸೋರಿತು ಅಂತ ಯಾರಾದರೂ ಹೊಸ ಸಿಲಿಂಡರ್ ತರ್ತಾರಾ? ಬಿಚ್ಚು, ರಾಡ್ ನೋಡು, ಸೀಲ್ ಬದಲಾಯಿಸು, ಅಷ್ಟೇ. ನಿಮ್ಮ ಪೋರ್ಷೆಯದ್ದೂ ಅದೇ ಸಾಮಾನು, ಅಳತೆ ಚಿಕ್ಕದು. ಜರ್ಮನಿಯಲ್ಲಿ ಕನ್ವರ್ಟಿಬಲ್ ಕಾರುಗಳ ಮಡಚುವ ಛಾವಣಿಯ ಸಿಲಿಂಡರ್ ರಿಪೇರಿ ಮಾಡುವವರು ಇದ್ದಾರೆ. ಅಂಥವರು ಇದನ್ನೂ ಮಾಡಬಲ್ಲರು. ಬಿಚ್ಚಿ ಕೊರಿಯರ್ ಮಾಡಿದರೆ ಸೀಲ್ ಹಾಕಿ ವಾಪಸ್ ಕಳಿಸುವವರೂ ಉಂಟು.

ಎಲ್ಲ ನಿಂತಿರುವುದು ರಾಡಿನ ಮೇಲೆ. ಬಿಚ್ಚಿದ ಮೇಲೆ ರಾಡನ್ನು ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಕನ್ನಡಿ ಹಾಗೆ ನುಣ್ಣಗಿದ್ದರೆ ಸೀಲ್ ಸಾಕು. ಉದ್ದಕ್ಕೂ ಉಗುರು ಆಡಿಸಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ, ಕ್ರೋಮ್ ಎದ್ದು ತುಕ್ಕಿನ ಚುಕ್ಕಿ ಕಂಡರೆ, ಆ ರಾಡಿಗೆ ಹೊಸ ಸೀಲ್ ಹಾಕಿ ಪ್ರಯೋಜನ ಇಲ್ಲ. ಪ್ರತಿ ಸಲ ಒಳಗೆ ಹೊರಗೆ ಹೋಗುವಾಗ ಆ ಗೀರು ಸೀಲಿನ ತುಟಿಯನ್ನು ಕೊಯ್ಯುತ್ತಲೇ ಇರುತ್ತದೆ. ಆಗ ಹೊಸ ಸಿಲಿಂಡರ್ ತಗೊಳ್ಳಿ. ಹಳೇ ಕಾರಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಮಾತ್ರ ಬೇಡ. ಅದರ ಸೀಲಿಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ, ಅಲ್ವಾ?

ರಿಪೇರಿಯಾಗಲಿ ಹೊಸದಾಗಲಿ, ಎರಡೂ ಬದಿ ಒಟ್ಟಿಗೆ ಮಾಡಿಸಿ. ಎಡಗಡೆಯದನ್ನು ಬೇಯಿಸಿದ ಶಾಖವೇ ಬಲಗಡೆಯದನ್ನೂ ಬೇಯಿಸಿದೆ. ಎರಡು ಟರ್ಬೊ ಇರುವ 3.6 ಲೀಟರ್ ಎಂಜಿನ್ನಿನ ತಲೆ ಮೇಲೆ ಇಷ್ಟು ವರ್ಷ ಕೂತ ರಬ್ಬರ್ ಗಟ್ಟಿಯಾಗದೆ ಇರುತ್ತದೆಯೇ? ಒಂದು ಕಡೆ ಮಾತ್ರ ಮಾಡಿಸಿದರೆ ಸ್ವಲ್ಪ ದಿನಕ್ಕೆ ಇನ್ನೊಂದಕ್ಕೆ ಅದೇ ಕೂಲಿ ಮತ್ತೆ ಕೊಡಬೇಕು.

ಎಣ್ಣೆಯ ವಿಷಯದಲ್ಲಿ ಜಾಣತನ ಬೇಡ. ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಿ. ಕೈಗೆ ಸಿಕ್ಕಿತು ಅಂತ ಬ್ರೇಕ್ ಆಯಿಲ್ ಸುರಿದರೆ ಸೀಲ್ ಊದಿಕೊಂಡು ಹಾಳಾಗುತ್ತದೆ, ಚೆಲ್ಲಿದ ಕಡೆ ಪೇಂಟೂ ಎದ್ದು ಹೋಗುತ್ತದೆ. ಮಟ್ಟ ನೋಡುವುದು ರೆಕ್ಕೆ ಕೆಳಗಿದ್ದಾಗ. ಮೇಲಿದ್ದಾಗ ಎಣ್ಣೆಯ ಒಂದು ಪಾಲು ಸಿಲಿಂಡರಿನಲ್ಲಿ ಇರುತ್ತದೆ. ಆಗ ಟ್ಯಾಂಕ್ ತುಂಬಿಸಿದರೆ ರೆಕ್ಕೆ ಇಳಿದಾಗ ಉಕ್ಕಿ ಎಂಜಿನ್ ಮೇಲೆ ಬೀಳುತ್ತದೆ. ತುಂಬಿಸಿದ ಮೇಲೆ ಹಲವು ಸಲ ಪೂರ್ತಿ ಎತ್ತಿ, ಪೂರ್ತಿ ಇಳಿಸಿ. ಒಳಗಿನ ಗಾಳಿ ಟ್ಯಾಂಕಿಗೆ ಬಂದು ಹೋಗುತ್ತದೆ. ಶುರುವಿನಲ್ಲಿ ತಡವರಿಸಿದರೆ ಗಾಬರಿ ಬೇಡ. ಮಧ್ಯೆ ಮಧ್ಯೆ ಮಟ್ಟ ನೋಡಿಕೊಳ್ಳಿ.

ಹೈಡ್ರಾಲಿಕ್ ಸಹವಾಸವೇ ಬೇಡ ಅನ್ನುವವರಿಗೆ ಎಲೆಕ್ಟ್ರಿಕ್ ಕಿಟ್ ಇದೆ. ಪಂಪ್, ಪೈಪ್, ಎಣ್ಣೆ ಎಲ್ಲ ಹೊರಗೆ, ಸಿಲಿಂಡರಿನ ಜಾಗಕ್ಕೆ ಎರಡು ಎಲೆಕ್ಟ್ರಿಕ್ ಆಕ್ಚುಯೇಟರ್, ಅಂದರೆ ಮೋಟರಿನಿಂದ ರೆಕ್ಕೆ ಎತ್ತುವ ಸಾಧನ, ಒಳಗೆ. ಇದನ್ನು ಕೇಳಿದರೆ ಮೂಗು ಮುರಿಯುವವರು ಇದ್ದಾರೆ. ಆದರೆ ಪೋರ್ಷೆಯೇ 1989ರಲ್ಲಿ 964 ಕರೇರಾ 4 ಅನ್ನುವ ಹಳೇ 911 ಕಾರಿಗೆ ಏಳುವ ಸ್ಪಾಯ್ಲರ್ ಕೊಟ್ಟಾಗ ಎಲೆಕ್ಟ್ರಿಕ್ ಮೋಟರ್ ಇಟ್ಟಿತ್ತು. ಟರ್ಬೊ ಅಲ್ಲದ 996ರಲ್ಲೂ ಎಲೆಕ್ಟ್ರಿಕ್ಕೇ. ಹಾಗಾಗಿ ನನಗೇನೂ ತಕರಾರಿಲ್ಲ. ಕೊಳ್ಳುವ ಮುಂಚೆ ಒಂದೇ ಒಂದು ಕೇಳಿ: ಮೂಲ ಕಂಟ್ರೋಲ್ ಯೂನಿಟ್ ಜೊತೆ ಹೊಂದಿಕೊಳ್ಳುತ್ತದಾ? 120 ಕಿ.ಮೀ. ವೇಗಕ್ಕೆ ತಾನೇ ಏಳಬೇಕು, 60ಕ್ಕೆ ತಾನೇ ಇಳಿಯಬೇಕು, ದೀಪ ಆರಬೇಕು. ದೀಪ ಆರಿಸಲು ತಂತಿ ಕತ್ತರಿಸಿ ಅನ್ನುವವರ ಕಿಟ್ ಬೇಡ.

ಈಗ ರಾಡ್ ಕೊಟ್ಟು ನಿಲ್ಲಿಸುವ ಸಲಹೆಗೆ ಬರೋಣ. ಕೇಳಲು ಸಲೀಸು. ರೆಕ್ಕೆ ಯಾವಾಗಲೂ ಮೇಲಿದ್ದರೆ ವೇಗದಲ್ಲಿ ಕಾರಿಗೇನೂ ಅಪಾಯ ಇಲ್ಲ. ಇದೇ 996ರ ಜಿಟಿ2 ಮಾಡೆಲ್‌ಗೆ ಕಂಪನಿಯೇ ಕದಲದ ರೆಕ್ಕೆ ಕೊಟ್ಟಿತ್ತು. ಆದರೆ ನೀವಿರುವುದು ಜರ್ಮನಿಯಲ್ಲಿ. ಕಾರಿನ ಇಂಥ ಭಾಗವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಿ, ಅದಕ್ಕೆ ತಕ್ಕ ಪ್ರಮಾಣಪತ್ರ ಇಲ್ಲದಿದ್ದರೆ ಕಾರಿನ ಬಳಕೆಯ ಅನುಮತಿಯೇ ಬಿದ್ದುಹೋಗಬಹುದು. ಎರಡು ವರ್ಷಕ್ಕೊಮ್ಮೆ ಟ್ಯೂಫ್, ಅಂದರೆ ವಾಹನ ಸುರಕ್ಷತಾ ತಪಾಸಣೆಯವರು ಮುಚ್ಚಳ ಎತ್ತಿ ನೋಡಿದಾಗ ಏನು ಉತ್ತರ ಕೊಡುತ್ತೀರಿ? ಎಲೆಕ್ಟ್ರಿಕ್ ಕಿಟ್ ಕೊಳ್ಳುವಾಗಲೂ ಕಾಗದ ಪತ್ರ ಮೊದಲು ಕೇಳಿ.

ರೆಕ್ಕೆಯನ್ನು ಕೆಳಗೇ ಕಟ್ಟಿಹಾಕುವುದಂತೂ ನೆನಸಿಕೊಳ್ಳಲೂ ಬೇಡಿ. 911ರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದೆ. ಅದರ ಮೇಲೆ ಇಳಿಜಾರಾದ ಬೆನ್ನು. ಆ ಬೆನ್ನಿನ ಮೇಲೆ ಗಾಳಿ ಜಾರಿ ಹೋಗುವಾಗ ಹಿಂಭಾಗವನ್ನು ಮೇಲಕ್ಕೆ ಎಳೆಯುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇರುವ ಎಳೆತ 200ರಲ್ಲಿ ನಾಲ್ಕು ಪಟ್ಟು. 420 ಪಿ.ಎಸ್. (ಅಶ್ವಶಕ್ತಿ) ಶಕ್ತಿ, ಗಂಟೆಗೆ 305 ಕಿ.ಮೀ. ಓಡುವ ಕಾರು ಇದು. ಆ ವೇಗದಲ್ಲಿ ಹಿಂದಿನ ಟೈರು ಹಗುರಾದರೆ ಏನಾಗುತ್ತದೆ ಅಂತ ಜರ್ಮನಿ ನೋಡಿದೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿಗೆ ಸ್ಪಾಯ್ಲರ್ ಇರಲಿಲ್ಲ. ಆಟೋಬಾನಿನಲ್ಲಿ, ಅಂದರೆ ಅಲ್ಲಿನ ಹೆದ್ದಾರಿಯಲ್ಲಿ, ಜೋರು ವೇಗದಲ್ಲಿ ಹಿಂಭಾಗ ಜಾರಿ ಅಪಘಾತಗಳಾದವು, ಜೀವ ಹೋದವು. ಆಮೇಲೆ ಮಾರಿದ್ದ ಕಾರುಗಳನ್ನು ವಾಪಸ್ ಕರೆಸಿ ಸಣ್ಣ ಸ್ಪಾಯ್ಲರ್ ಹಾಕಿದರು, ಸಸ್ಪೆನ್ಷನ್ ಬದಲಿಸಿದರು, ಕಾರು ಜಾರದಂತೆ ಹಿಡಿಯುವ ಇಎಸ್‌ಪಿ ವ್ಯವಸ್ಥೆ ಕೊಟ್ಟರು.

ರಿಪೇರಿ ಆಗುವ ತನಕ ಕಾರು ಓಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಸೋರುತ್ತಿರುವಾಗ ಬೇಡ. ಆ ಎಣ್ಣೆ ಬೀಳುವುದು ಬಿಸಿ ಭಾಗಗಳ ಮೇಲೆ, ಎಂಜಿನ್ನಿನ ಹಿಂದಿರುವ ಬೆಲ್ಟ್ ಮೇಲೆ. ಬೆಲ್ಟ್ ಜಾರಿದರೆ ಇನ್ನೊಂದು ಖರ್ಚು, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಭಯ. ಗ್ಯಾರೇಜಿನವರೆಗೆ ಹೋಗಲೇಬೇಕಾದರೆ ಒರೆಸಿ, ರೆಕ್ಕೆ ಇಳಿಸಿ, 120ರ ಒಳಗೇ ಹೋಗಿ. ಆ ವೇಗ ದಾಟದಿದ್ದರೆ ಅದು ತಾನಾಗಿ ಏಳುವುದೂ ಇಲ್ಲ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಅಲ್ಲಿ ಕಾನೂನು ಪಾಲಿಸುವವನಿಗೆ ಈ ಕಾರಿನ ರೆಕ್ಕೆ ಸ್ವಿಚ್ ಒತ್ತದೆ ಎಂದೂ ಏಳುವುದಿಲ್ಲ!

ಸ್ವಿಚ್ ಒತ್ತುವುದನ್ನು ಮಾತ್ರ ರಿಪೇರಿ ಆದ ಮೇಲೆ ರೂಢಿ ಮಾಡಿಕೊಳ್ಳಿ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನಲ್ಲಿ ಸೀಲ್ ಒಣಗುತ್ತದೆ. ಆಗಾಗ ಒಂದೆರಡು ಸಲ ಎತ್ತಿ ಇಳಿಸಿದರೆ ರಾಡಿಗೆ ಎಣ್ಣೆ ಹತ್ತಿಕೊಂಡಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಹಿಂದಿನವರಿಗೆ ತೋರಿಸಲು ಎತ್ತುವ ಆಸೆಯೂ ಆಗುತ್ತದೆ, ಅದು ನಿಮಗೆ ಬಿಟ್ಟದ್ದು. ಕೆಲಸ ಮುಗಿದ ಮೊದಲ ವಾರ ಮಾತ್ರ ದಿನಾ ಮುಚ್ಚಳ ಎತ್ತಿ, ಎರಡೂ ರಾಡಿನ ಬಾಯಿಗೆ ಟಿಶ್ಯೂ ಒತ್ತಿ ನೋಡಿ. ಒದ್ದೆ ಕಂಡರೆ ಆ ದಿನವೇ ಮಾಡಿದವರ ಹತ್ತಿರ ವಾಪಸ್ ತಗೊಂಡು ಹೋಗಿ.